ಅವ್ವನ ಕಾಲಿನ ಕಡಗ

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವ ವಾಸನೆ ಬಂದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಮುಚ್ಚಂಡಿ ಊರಿನ ನಮ್ಮ ಮನೆಯಂಗಳದಲ್ಲಿ ಅವ್ವ ಕುಕ್ಕರಗಾಲಿನಲ್ಲಿ ಕುಳಿತು ತವರುಮನೆಯಿಂದ ತಂದಿದ್ದ ಹಿತ್ತಾಳೆ ಕೊಡ ತಿಕ್ಕುತ್ತಿದ್ದಳು.

“ಕಬ್ಬಿಣಕ್ಕ ಪಾಲಿಶ್ ಹೊಡದು ಕೊಟ್ಟಾರ ನಿಮ್ಮ ತವರವ್ರು,” ಎಂದು ಅಪ್ಪನ ತಾಯಿ, ನನ್ನ ಅಜ್ಜಿ, ಎಂದಿನಂತೆ ಹಂಗಿಸಿದಳು.

ಸಿಟ್ಟಿಗೆ ನಾನು ಹಳೆಯ ಸ್ಪೀಕರಿನ ಅಯಸ್ಕಾಂತ ತಂದು ಕೊಡಕ್ಕೆ ಒತ್ತಿದೆ. ಅಂಟಲಿಲ್ಲ. ಜಾರಿ ಅವ್ವನ ಕಾಲ ಮೇಲೆ ಬಿದ್ದು, ಮದುವೆಯಲ್ಲಿ ಅಜ್ಜಿ ಹಾಕಿದ್ದ ಬೆಳ್ಳಿ ಕಡಗಕ್ಕೆ ಟಕ್ಕನೆ ಕಚ್ಚಿಕೊಂಡಿತು.

ಅಜ್ಜಿ ನನ್ನ ಕಪಾಳಕ್ಕೆ ಬಾರಿಸಿದಳು. “ಆಡಾಕ ಬ್ಯಾರೆ ಏನೂ ಸಿಗಲಿಲ್ಲೇನ ನಿನಗ?”

ಅವ್ವ ಕಡಗವನ್ನು ಮೇಲೆ ಸರಿಸಿದಳು. ಅದರಡಿಯ ಚರ್ಮದ ಮೇಲೆ ಕಂದುಗೆಂಪು ಗೆರೆಯಿತ್ತು.

“ಮದಿವ್ಯಾದಾಗಿಂದ ದಿನಾ ತಿಕ್ಕಾಕತ್ತೀನ್ರಿ ಅತ್ತಿ,” ಅಂದಳು, “ಈ ತುಕ್ಕು ಹೋಗವಲ್ದು.”