ಚಪ್ಪರದ ಮೇಲೆ

ತರಕಾರಿ ಗಾಡಿಯ ಬರಕಾತ್ ಬೇಲಿಯಾಚೆ ನಿಂತು ಹೊಸ ತೋಟವನ್ನು ಮನಸಾರೆ ಹೊಗಳಿದ. ಹೊಗಳಿ ಮುಗಿದ ಮೇಲೆ ತಲೆಯೆತ್ತಿ ಮೂರನೇ ಮಹಡಿಯತ್ತ ನೋಡಿದ. "ಉಸ್ತಾದ್ ರಮ್ಜಿ, ಮೇಲಿನ ಹಾಜ್ಜಾ ಊರಲ್ಲಿಲ್ವಾ? ವಾರ ಆಯ್ತು, ನನ್ನ ಗಾಡಿಗೆ ಬುಟ್ಟಿ ಇಳಿದೇ ಇಲ್ಲ."

ರಮ್ಜಿಯ ಕೈಯಲ್ಲಿದ್ದ ನೀರಿನ ಕೊಳವೆ ಒಂದೇ ಗಿಡದ ಬುಡಕ್ಕೆ ಸುರಿಯುತ್ತಾ ನಿಂತಿತು. ಹಾಜ್ಜಾ ಇನ್‌ಶಿರಾಹ್ ಊರಿಗೆ ಹೋಗುವುದೆಲ್ಲಿ ಬಂತು? ಮೊಣಕಾಲು ಕೈಕೊಟ್ಟಾಗಿನಿಂದ ಆ ಮುದುಕಿ ಮೆಟ್ಟಿಲು ಇಳಿದವಳೇ ಅಲ್ಲ; ಕಟ್ಟಡಕ್ಕೆ ಲಿಫ್ಟೂ ಇಲ್ಲ. ಹಗ್ಗಕ್ಕೆ ಕಟ್ಟಿದ ಬುಟ್ಟಿಯೇ ಅವಳ ಕಾಲು. ರೊಟ್ಟಿಯವನು ಕೂಗಿದಾಗ, ಬರಕಾತ್‌ನ ಗಾಡಿ ಬಂದಾಗ ಅದು ಬಾಲ್ಕನಿಯಿಂದ ಇಳಿಯುತ್ತಿತ್ತು, ತುಂಬಿಕೊಂಡು ಏರುತ್ತಿತ್ತು.

ಕಂದಾಯ ಕಚೇರಿಯ ಗುಮಾಸ್ತ ರಮ್ಜಿ ಎರಡು ವರ್ಷದಿಂದ ಕೂಡಿಟ್ಟ ರಜೆಯನ್ನೆಲ್ಲ ಈ ತೋಟಕ್ಕೆ ಸುರಿದಿದ್ದ. ಅವನ ನೆಲಮಹಡಿಯ ಮನೆಗೂ ರಸ್ತೆಗೂ ನಡುವೆ, ಎಲ್ಲರದೂ ಆಗಿ ಯಾರದೂ ಅಲ್ಲದ ಜಾಗವೊಂದು ಕೈರೋದ ಧೂಳು ತಿನ್ನುತ್ತಾ ಬಿದ್ದಿತ್ತು. ಅದಕ್ಕೆ ಬೇಲಿ ಹಾಕಿದ. ಗೋಡೆಯಿಂದ ಬೇಲಿಯವರೆಗೆ ಚಪ್ಪರ ಎಬ್ಬಿಸಿ, ಮೇಲೆ ಜೊಂಡಿನ ಚಾಪೆ ಹಾಸಿ, ನರ್ಸರಿಯಿಂದ ಆಳೆತ್ತರದ ಕಾಗದದ ಹೂವಿನ ಬಳ್ಳಿಗಳನ್ನೇ ತಂದು ಹಬ್ಬಿಸಿದ. ಕೈತುಂಬ ಮುಳ್ಳಿನ ಗೀರು, ಉಗುರಿನ ತುಂಬ ಮಣ್ಣು. ಇಷ್ಟು ಹಗುರಾಗಿ ನೀನು ಇದ್ದದ್ದನ್ನು ಮದುವೆಯಾದಾಗಿನಿಂದ ನೋಡಿಲ್ಲ ಎಂದು ಹೆಂಡತಿಯೇ ಅಂದಿದ್ದಳು.

ಬಳ್ಳಿ ಹಬ್ಬಿಸಿದ ಮರುದಿನವೇ ಬುಟ್ಟಿ ಬಂದು ಅದಕ್ಕೆ ಸಿಕ್ಕಿಕೊಂಡಿತ್ತು. ಬಿಡಿಸುವಾಗ ಒಂದು ಕವಲು ಮುರಿದು ಅವನ ಹೊಟ್ಟೆ ಉರಿದಿತ್ತು. "ಇದೇನು ಹಾಜ್ಜಾ, ಬುಟ್ಟಿಯೋ ಮೇಕೆಯೋ? ನನ್ನ ಗಿಡ ಮೇಯೋಕೆ ಬಿಟ್ಟಿದ್ದೀರಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದ. ಗಾಡಿಯ ಸುತ್ತ ನಿಂತವರು ನಕ್ಕರು. ಮೇಲಿನಿಂದ ಆಕೆಯೂ ನಕ್ಕು, ತಪ್ಪಾಯಿತಪ್ಪ ಅಂದಳು. ಆಮೇಲೆ ಅವನು ಬುಟ್ಟಿಯನ್ನು ನೋಡಿರಲಿಲ್ಲ. ನೋಡಿಲ್ಲವೆಂಬುದು ಈವರೆಗೆ ಅವನಿಗೆ ಹೊಳೆದೂ ಇರಲಿಲ್ಲ.

ಬರಕಾತ್ ತಾನೇ ಸೌತೆ, ಟೊಮೆಟೊ, ಒಂದು ಕಟ್ಟು ಜರ್ಜೀರ್ ಸೊಪ್ಪನ್ನು ಚೀಲಕ್ಕೆ ಹಾಕಿ ಬೇಲಿಯ ಮೇಲಿಂದ ಚಾಚಿದ. "ನೀವೇ ಕೊಟ್ಟು ಬನ್ನಿ ಉಸ್ತಾದ್. ನಾನು ಗಾಡಿ ಬಿಟ್ಟು ಹೋಗೋ ಹಾಗಿಲ್ಲ. ಕತ್ತೆಯ ಕಣ್ಣು ನಿಮ್ಮ ತೋಟದ ಮೇಲೆ ಬಿದ್ದಿದೆ."

ಮೂರು ಮಹಡಿ ಹತ್ತುವಷ್ಟರಲ್ಲಿ ರಮ್ಜಿಯ ಮನಸ್ಸು ಕಾಣಬಾರದ್ದನ್ನೆಲ್ಲ ಕಂಡಿತು. ಬಾಗಿಲ ಒಳಗೆ ಚಪ್ಪಲಿ ಎಳೆಯುವ ಸದ್ದು ಕೇಳಿದಾಗಲೇ ಅವನಿಗೆ ಉಸಿರು ಬಂದದ್ದು. ಹಾಜ್ಜಾ ಅವನನ್ನು ಕಂಡು ಹಬ್ಬ ಬಂದಂತೆ ಸಂಭ್ರಮಪಟ್ಟಳು. ಮೇಜಿನ ಮೇಲೊಂದು ಬಟ್ಟಲಿತ್ತು. ಅದರಲ್ಲಿ ಹಳೆಯ ಒಣರೊಟ್ಟಿಯ ಚೂರುಗಳು ನೀರಿನಲ್ಲಿ ನೆನೆಯುತ್ತಿದ್ದವು. ಅವನ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು ಆಕೆ ಮೆಲ್ಲಗೆ ತಟ್ಟೆ ಮುಚ್ಚಿ, ಹಲ್ಲಿಲ್ಲದವರಿಗೆ ಇದೇ ಹಿತ ಎಂದಳು. ಬರಕಾತ್ ಕಳಿಸಿದ್ದು ಎಂದಷ್ಟೇ ಹೇಳಿ ರಮ್ಜಿ ಚೀಲ ಕೊಟ್ಟ. ಆಕೆ ಬರಕಾತ್‌ನನ್ನೂ, ಹೊತ್ತು ತಂದ ರಮ್ಜಿಯ ಕೈಗಳನ್ನೂ ಹರಸಿದಳು.

"ಬಾ, ಬಂದದ್ದೇ ಬಂದೆ, ನಿನ್ನ ತೋಟ ನೋಡು ಬಾ. ಕೆಳಗೆ ಕೂತ್ರೆ ನಿನಗೆ ಬರೀ ಕಡ್ಡಿ ಕಾಣುತ್ತೆ. ಹೂವೆಲ್ಲ ನನಗೇ."

ನಿಜ. ಬಾಲ್ಕನಿಯಿಂದ ನೋಡಿದರೆ ಅಷ್ಟೂ ಹೂವು ಆಕಾಶಕ್ಕೆ ಮುಖಮಾಡಿ ಕೆಂಪಗೆ ಹರಡಿತ್ತು. ಹಾಜ್ಜಾ ಕಂಬಿ ಹಿಡಿದು ಪಕ್ಕಕ್ಕೆ ಸರಿದಳು. ಅವನ ಕಣ್ಣಿಗೂ ಚಪ್ಪರದ ಒಂದು ಮೂಲೆಗೂ ಅಡ್ಡವಾಗಿ ನಿಂತಳು. ಅವನು ಅವಳ ಹೆಗಲಿನಾಚೆ ಬಗ್ಗಿದ. ಬಳ್ಳಿಗಳ ಸಂದಿಯಲ್ಲಿ, ಜೊಂಡಿನ ಚಾಪೆಯ ಮೇಲೆ, ರೊಟ್ಟಿಗಳು ಬಿದ್ದಿದ್ದವು. ಹಗ್ಗ ಎಳೆಯುವಾಗ ಬುಟ್ಟಿ ಬಳ್ಳಿಗೆ ಸಿಕ್ಕಿ ಮಗುಚಿದ ರೊಟ್ಟಿಗಳು. ಒಂದು ದಿನದವಲ್ಲ, ಬಿಸಿಲಿಗೆ ಹೆಂಚಿನಂತಾದವು. ಬೀದಿಯಲ್ಲಿ ರೊಟ್ಟಿಯ ಚೂರು ಕಂಡರೂ ಎತ್ತಿ ಮುತ್ತಿಟ್ಟು ಗೋಡೆಯ ಮೇಲಿಡುವವನು ಅವನು. ಸಂಜೆ ಸಂಜೆ ಇವುಗಳ ಕೆಳಗೇ ಕುರ್ಚಿ ಹಾಕಿಕೊಂಡು ಚಹಾ ಕುಡಿದಿದ್ದ. ಗುಬ್ಬಿಗಳ ಹಿಂಡೊಂದು ಇಳಿದು ರೊಟ್ಟಿಗಳನ್ನು ಕುಕ್ಕತೊಡಗಿತು.

"ಒಂದು ಕೂಗು ಹಾಕಬಾರದಿತ್ತಾ, ಹಾಜ್ಜಾ?" ಎಂದು ಕೇಳಿದ.

"ರೊಟ್ಟಿಯವನು ಬರೋದು ನಸುಕಲ್ಲಿ. ರಜೆ ಹಾಕಿ ಮಲಗಿರೋನ್ನ ಹೇಗಪ್ಪಾ ಎಬ್ಬಿಸೋದು?" ಆಕೆ ಗುಬ್ಬಿಗಳನ್ನೇ ನೋಡುತ್ತಿದ್ದಳು. "ಅಲ್ಲದೆ, ಗಿಡ ಹಾಕಿದ್ದಕ್ಕೆ ಹಕ್ಕಿಗಳು ಹೇಗೆ ಹುಡುಕ್ಕೊಂಡು ಬಂದ್ವು ನೋಡು ಅಂತ ನೀನು ಹೆಂಡ್ತಿಗೆ ಹೇಳೋದು ಮೇಲಕ್ಕೆ ಕೇಳಿಸ್ತಿತ್ತು. ಎಷ್ಟು ಖುಷಿಯಾಗಿ ಹೇಳ್ತಿದ್ದೆ, ಮಗಾ. ಅದಕ್ಕೇ ಸುಮ್ಮನಾದೆ."