ಹ್ಯಾಟೆಯ ಕೊರಳಪಟ್ಟಿ

ಈಗ ಊರಿನ ಪ್ರತಿ ಕೋಳಿಯ ಕೊರಳಲ್ಲೂ ಒಂದು ಪಟ್ಟಿ ಇರುತ್ತದೆ. ತೊಟ್ಟ ಜೀವಕ್ಕೆ ನೋವಾದರೆ ಆ ಪಟ್ಟಿಯೇ ಮಾತಾಡುತ್ತದೆ. ಆ ಬೆಳಿಗ್ಗೆ ಚೆಲುವಯ್ಯನ ಎಳೆ ಹ್ಯಾಟೆ ಮೊದಲ ಮೊಟ್ಟೆಗೆ ತಿಣುಕುತ್ತ, ಬಾಲ ಇಳಿಬಿಟ್ಟು ಮುದುಡಿ ಕೂತಿತ್ತು.

"ಕಿಬ್ಬೊಟ್ಟೆ ನೋಯ್ತದೆ," ಎಂದಿತು ಪಟ್ಟಿ.

ಚೆಲುವಯ್ಯ ಓಡಿಬಂದ. "ಮೊಟ್ಟೆ ಸಿಕ್ಕಾಕಂಡದೆ ಕಣವ್ವ, ಹೆದ್ರಬ್ಯಾಡ," ಎನ್ನುತ್ತ ಅದನ್ನು ಬೆಚ್ಚನೆಯ ನೀರಿನ ಬೋಗುಣಿಯಲ್ಲಿ ಕೂರಿಸಿ, ಹೊಟ್ಟೆಯನ್ನು ಮೆಲ್ಲಗೆ ಸವರಿದ.

ನೀರು ಕಾಯಿಸಿ ತಂದವಳು ಹೆಂಡತಿ ನಿಂಗಾಜಮ್ಮ. ಹಬ್ಬ ಕಳೆದಾಗಿನಿಂದ ಅವಳು ಕಿಬ್ಬೊಟ್ಟೆ ಹಿಡಿದುಕೊಂಡೇ ಓಡಾಡುತ್ತಿದ್ದಳು. ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಕೋಳಿಗೆ ಕಣವ್ವ ಅಂತೆ, ಕಣವ್ವ. ತನ್ನನ್ನು ಅವನು ಕರೆಯುವುದು "ಏಯ್" ಎಂದು.

ಹ್ಯಾಟೆ ಮೊಟ್ಟೆ ಇಟ್ಟಿತು. ಕೋಳಿಯ ಮೈ ಒರೆಸಿ ಗೂಡಿಗೆ ಬಿಟ್ಟು, ನುಚ್ಚು ತರಲು ಅವನು ಒಳಗೆ ಹೋದ. ನಿಂಗಾಜಮ್ಮ ಗೂಡಿನೊಳಕ್ಕೆ ಕೈ ಹಾಕಿ ಪಟ್ಟಿ ಬಿಚ್ಚಿದಳು. ತನ್ನ ತಾಳಿಯ ದಾರಕ್ಕೆ ಸಿಕ್ಕಿಸಿಕೊಂಡು ಅಲ್ಲೇ ನಿಂತಳು.

"ಕಿಬ್ಬೊಟ್ಟೆ ನೋಯ್ತದೆ," ಎಂದಿತು ಪಟ್ಟಿ.

ಒಳಗೆ ನುಚ್ಚಿನ ಡಬ್ಬ ಉರುಳಿತು. "ಬಂದೆ ಕಣವ್ವ, ಬಂದೆ," ಎನ್ನುತ್ತ ಚೆಲುವಯ್ಯ ಎದ್ದುಬಿದ್ದು ಓಡಿಬಂದ. ಗೂಡಿಗೆ ಅಡ್ಡವಾಗಿ ನಿಂತವಳನ್ನು ಕಂಡು ಹುಬ್ಬು ಗಂಟಿಕ್ಕಿದ.

"ಏಯ್, ಅತ್ತಗೆ ಸರ್ಕೊ."