ವಾಸನೆ ಇಲ್ಲದ ಟ್ಯಾಂಕು

ಮಂತ್ರಿಗಳು ಬರಲು ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಎಂಜಿನಿಯರ್ ವೆಂಕಟಗಿರಿ ಬಯೋಗ್ಯಾಸ್ ಟ್ಯಾಂಕಿನೊಳಕ್ಕೆ ಎರಡು ಕ್ಯಾನ್ ಫಿನಾಯಿಲ್ ಸುರಿಸಿ ಕೈ ಒರೆಸಿಕೊಂಡರು. ವಿಜಯನಗರದ ತರಕಾರಿ ಸಂತೆಯ ಹಿಂದಿದ್ದ ಆ ಟ್ಯಾಂಕು ದಿನವೂ ಸಂತೆಯ ಕಸ ತಿಂದು ಒಲೆಗೆ ಗ್ಯಾಸ್ ಕೊಡುತ್ತಿತ್ತು ನಿಜ, ಆದರೆ ನಾರುತ್ತಿತ್ತು. ಮಂತ್ರಿಗಳ ಮೂಗಿಗೆ ಆ ನಾತ ಬಡಿದರೆ ತಮ್ಮ ಪ್ರಮೋಷನ್ನಿನ ಗತಿಯೇನು? ಪಾಪ, ಬಹಳ ಮುಂದಾಲೋಚನೆಯ ಮನುಷ್ಯ.

ಫಿನಾಯಿಲ್ ವಾಸನೆ ಹಿಡಿದೇ ಸ್ಮೃತಿ ಓಡಿ ಬಂದಳು. ಅವಳ ಪಿಎಚ್‌ಡಿ ಇದ್ದದ್ದೇ ಆ ಟ್ಯಾಂಕಿನೊಳಗೆ. ಕಸವನ್ನು ಗ್ಯಾಸ್ ಮಾಡುವ ಸಾಮಾನ್ಯ ಬ್ಯಾಕ್ಟೀರಿಯಾ ಮೂಸಂಬಿ ಸಿಪ್ಪೆ ಬಿದ್ದರೆ ಕೈಚೆಲ್ಲಿ ಕೂರುತ್ತವೆ. ಇವಳು ಹದಿನಾಲ್ಕು ತಿಂಗಳು, ಹಬ್ಬ ಹುಣ್ಣಿಮೆ ಎನ್ನದೆ, ಹಿಡಿಹಿಡಿಯಾಗಿ ಸಿಪ್ಪೆ ಉಣಿಸಿ ತನ್ನವನ್ನು ಪಳಗಿಸಿದ್ದಳು. ಆ ತಳಿ ಬೇರೆಲ್ಲೂ ಇರಲಿಲ್ಲ.

"ಏನ್ ಹಾಕಿದ್ರಿ ಸಾರ್ ಇದಕ್ಕೆ?"

"ಫಿನಾಯಿಲ್ ಕಣಮ್ಮ. ಲೋಕಲ್ ಅಲ್ಲ, ಒಳ್ಳೇ ಕಂಪನೀದೇ."

ಅವಳ ಕಣ್ಣಲ್ಲಿ ನೀರು ಕಂಡು ವೆಂಕಟಗಿರಿಗೂ ಕರುಳು ಚುರುಕ್ ಎಂದಿತು. ಹುಳ ತಾನೇ, ನಾಳೆ ಕೆಂಗೇರಿ ಮೋರಿಯಿಂದ ಒಂದು ಟ್ಯಾಂಕರ್ ತುಂಬ ತರಿಸಿಕೊಡುತ್ತೇನೆ ಎಂದು ಸಮಾಧಾನ ಹೇಳಿದರು.

ಅವಳು ತನ್ನ ಗೈಡ್ ಡಾ. ಮಧ್ವೇಶ್ ಅವರ ಮುಖ ನೋಡಿದಳು. ಮೂವತ್ತು ವರ್ಷ ಸೂಕ್ಷ್ಮಜೀವಿಗಳ ಪಾಠ ಹೇಳಿದ ಮನುಷ್ಯ. ಏನಾಗಿದೆಯೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ಇವತ್ತು ಮಂತ್ರಿಗಳು ಹೊಸ ಇಂಧನ ಕೇಂದ್ರ ಘೋಷಿಸುವವರಿದ್ದರು. ಅದರ ನಿರ್ದೇಶಕರ ಕುರ್ಚಿ ಇವರಿಗೇ ಎಂದು ಸುದ್ದಿಯಿತ್ತು.

"ಫಂಕ್ಷನ್ ಮುಗೀಲಮ್ಮ," ಎಂದರು ತಗ್ಗಿದ ದನಿಯಲ್ಲಿ. "ಅಲ್ಲೀವರೆಗೂ ಬಾಯಿ ಬಿಡಬೇಡ."

ಮಂತ್ರಿಗಳು ಬಂದರು. ಗ್ಯಾಸ್ ತುಂಬಿಡುವ ಬಲೂನಿನಲ್ಲಿ ನಿನ್ನೆಯದು ಮಿಕ್ಕಿತ್ತು. ಒಲೆ ನೀಲಿಯಾಗಿ ಹತ್ತಿತು, ಕಾಫಿ ಕುದಿಯಿತು, ಫೋಟೋ ಆಯಿತು. ಮಂತ್ರಿಗಳು ಟ್ಯಾಂಕಿನ ಸುತ್ತ ಬಂದು ಎರಡು ಸಲ ಮೂಸಿ, ನಾರುತ್ತೆ ಅಂದಿದ್ದರಲ್ಲ, ಇದು ಆಸ್ಪತ್ರೆ ಇದ್ದ ಹಾಗಿದೆ ಎಂದು ಮೆಚ್ಚಿಕೊಂಡರು. ವೆಂಕಟಗಿರಿ ಮದುಮಗನಂತೆ ನಾಚಿದರು. ಕೇಂದ್ರದ ಘೋಷಣೆಯಾಯಿತು. ನಗರದ ಎಲ್ಲ ಸಂತೆಗಳಲ್ಲೂ ಇಂಥದೇ ಟ್ಯಾಂಕು, ವೆಂಕಟಗಿರಿಯವರ ಉಸ್ತುವಾರಿಯಲ್ಲೇ, ಎಂಬುದೂ ಆಯಿತು. ಕೊನೆಗೆ, ಈ ಮಗು ಎರಡು ಮಾತಾಡಲಿ ಎಂದು ಮಂತ್ರಿಗಳೇ ಸ್ಮೃತಿಯನ್ನು ಮೈಕಿನ ಮುಂದೆ ಕರೆದರು.

ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇವತ್ತು ಇಲ್ಲಿ ಎಷ್ಟೋ ಜೀವ ಹೋಗಿವೆ ಸಾರ್," ಎಂದಳು.

ಮಂತ್ರಿಗಳ ಮುಖ ಬಿಳಿಚಿಕೊಂಡಿತು. ಯಾರು, ಎಷ್ಟು ಜನ ಎಂದು ಪಕ್ಕದ ಇನ್ಸ್‌ಪೆಕ್ಟರನ್ನು ಕೇಳತೊಡಗಿದರು.

"ಟ್ಯಾಂಕಲ್ಲಿದ್ದ ಬ್ಯಾಕ್ಟೀರಿಯಾ ಸಾರ್. ಒಂದೂ ಉಳಿದಿಲ್ಲ."

ಮಂತ್ರಿಗಳು ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟರು. "ಹೆದರಿಸಿಬಿಟ್ಯಲ್ಲಮ್ಮ. ಬ್ಯಾಕ್ಟೀರಿಯಾ ಸತ್ರೆ ಒಳ್ಳೇದೇ ಅಲ್ವಾ?"

ಮೊದಲ ಚಪ್ಪಾಳೆ ವೇದಿಕೆಯ ಮೇಲಿಂದಲೇ ಬಂತು. ಸ್ಮೃತಿ ತಿರುಗಿ ನೋಡಿದಳು. ತಟ್ಟುತ್ತಿದ್ದವರು ಡಾ. ಮಧ್ವೇಶ್.